ಅಸ್ಸಿಯ ಹವೆಯೂ ಮೋಟಾರು ಕಾಯಿದೆಯೂ

ಕಾಶಿಯ ಘಟ್ಟಗಳ ಸಾಲಿನಲ್ಲಿ ಸಾಂಪ್ರದಾಯಿಕ ಗಣನೆಯ ಪ್ರಕಾರ ತೆಂಕಣ ತುದಿಯದು ಅಸ್ಸಿ. ಪಂಚತೀರ್ಥ ಯಾತ್ರೆಯನ್ನು ವಿಧಿಪೂರ್ವಕವಾಗಿ ಕೈಕೊಳ್ಳುವವರು ಮೊದಲ ಸ್ನಾನ ಮಾಡುವುದು ಇಲ್ಲಿಯೇ. ಇಲ್ಲಿಂದ ಉತ್ತರಕ್ಕೆ ಅನತಿ ದೂರದಲ್ಲಿ ಹನುಮಾನ್ ಘಟ್ಟ, ಅದರ ಮಗ್ಗುಲಲ್ಲಿ ಕರ್ನಾಟಕ ಘಟ್ಟ. ದಕ್ಷಿಣಕ್ಕೆ ನಗವಾ ಮತ್ತು ಲಂಕಾ, ಅವುಗಳಾಚೆ ಹಿಂದೂ ವಿಶ್ವವಿದ್ಯಾಲಯದ ಸಿಂಹದ್ವಾರ. ಆ ವಿಶ್ವವಿದ್ಯಾಲಯ ೧೯೧೬ರಲ್ಲಿ ಸ್ಥಾಪಿತವಾದಾಗ ಅದರ ಪ್ರಥಮ ಕುಲಾಧಿಪತಿಗಳಾಗಿದ್ದವರು ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು. ವಿದ್ಯೆಗಾಗಿ ಬಂದವರು, ಜಂಗಮವಾಡಿಯ ಮಠಕ್ಕೆ ಬಂದವರು, ಅಸ್ಥಿ ವಿಸರ್ಜನೆಗೆಂದು ಬಂದವರು, ಇವರೆಲ್ಲರಿಂದ ಕಾಶಿಯ ಈ ಭಾಗಕ್ಕೆ ಕನ್ನಡದ ದನಿ ಅಪರಿಚಿತವಲ್ಲ.

ಹಿಂದಿನವರು ಕಾಶಿಗೆ ಹೊರಟಾಗ ಮರಳಿ ಬರುವ ಭರವಸೆಯಿಟ್ಟುಕೊಳ್ಳುತ್ತಿರಲಿಲ್ಲ. ಈಗ ಕಾಶಿಯ ಪ್ರಯಾಣ ರೈಲಿನಲ್ಲಿ, ವಿಮಾನದಲ್ಲಿ ಸುಖವಾಗಿ ಮುಗಿಯುತ್ತದೆ. ೨೦೨೨ರ ನವೆಂಬರಿನಲ್ಲಿ ಬೆಂಗಳೂರಿನಿಂದ ಕಾಶೀದರ್ಶನದ ವಿಶೇಷ ರೈಲೂ ಆರಂಭವಾಯಿತು. ಆದರೆ ಕಾಶಿಗೆ ಹೋದ ಕನ್ನಡಿಗನು ಕಾಶಿಯಲ್ಲೇ ನಿಲ್ಲುವವನಲ್ಲ. ಅವನಿಗೆ ತ್ರಿಸ್ಥಲೀ ಯಾತ್ರೆ ಪೂರ್ಣವಾಗಬೇಕು. ಪ್ರಯಾಗ ಸುಮಾರು ೧೨೫ ಕಿಲೋಮೀಟರು, ಗಯೆ ಸುಮಾರು ೨೫೦. ಈ ಎರಡು ದಾರಿಗಳನ್ನು ಅವನು ಬಹುಮಟ್ಟಿಗೆ ಬಾಡಿಗೆ ಮೋಟಾರಿನಲ್ಲಿ, ಅದೂ ನಸುಕಿಗೆ ಮುಂಚೆ ಹೊರಟು ಕ್ರಮಿಸುತ್ತಾನೆ. ಪ್ರಯಾಣದ ಅತಿ ಅಪಾಯದ ಭಾಗ ಆರಂಭವಾಗುವುದು ಹೀಗೆ, ಊರಿನಿಂದ ಎರಡು ಸಾವಿರ ಕಿಲೋಮೀಟರು ಸುರಕ್ಷಿತವಾಗಿ ಬಂದ ಮೇಲೆ.

ಅಸ್ಸಿಯ ಸುತ್ತಣ ದಾರಿಗಳಿಗೆ ವರ್ಷದಲ್ಲಿ ಮೂರು ಬಗೆಯ ಕೆಟ್ಟ ಹವೆ ಬರುತ್ತದೆ. ಡಿಸೆಂಬರು ಜನವರಿಗಳಲ್ಲಿ ಮಂಜು. ಜುಲೈಯಿಂದ ಸೆಪ್ಟೆಂಬರಿನವರೆಗೆ ಮಳೆ ಮತ್ತು ಗಂಗೆಯ ನೆರೆ. ಮೇ ಜೂನ್ ತಿಂಗಳ ಸಂಜೆಗಳಲ್ಲಿ ಆಂಧಿ ಎಂದು ಅಲ್ಲಿಯವರು ಕರೆಯುವ ಧೂಳಿನ ಬಿರುಗಾಳಿ. ಇವುಗಳಲ್ಲಿ ಮಂಜಿನ ವಿಚಾರವನ್ನೇ ಹೆಚ್ಚಾಗಿ ವಿವರಿಸಬೇಕಾಗಿದೆ, ಏಕೆಂದರೆ ಅದನ್ನು ತಾನು ಬಲ್ಲೆನೆಂಬ ಭ್ರಮೆ ಕನ್ನಡಿಗನಿಗೆ ಇರುತ್ತದೆ.

ಮಡಿಕೇರಿಯನ್ನೋ ಆಗುಂಬೆಯನ್ನೋ ಕಂಡವನಿಗೆ ಮಂಜು ಹೊಸತಲ್ಲ. ನಮ್ಮ ಭಾಷೆ ಮಲೆಯ ಮೇಲೆ ತೇಲುವ ಮೋಡಕ್ಕೂ ಹೊಲದ ಮೇಲೆ ಮಲಗುವ ಹೊಗೆಯಂಥ ಆವಿಗೂ ‘ಮಂಜು’ ಎಂಬ ಒಂದೇ ಮಾತನ್ನು ಬಳಸುತ್ತದೆ. ಗೊಂದಲಕ್ಕೆ ಇದೂ ಒಂದು ಕಾರಣ. ಘಟ್ಟದ ಮಂಜು ವಾಸ್ತವವಾಗಿ ಮೋಡ. ಕಡಲಿಂದ ಬಂದ ತೇವದ ಗಾಳಿ ಬೆಟ್ಟವನ್ನೇರುವಾಗ ತಣಿದು ಹನಿಗಟ್ಟುತ್ತದೆ. ಗಾಳಿ ಬೀಸಿದಂತೆ ಸರಿಯುತ್ತದೆ, ಹರಿಯುತ್ತದೆ, ಒಂದು ತಿರುವಿನಲ್ಲಿ ದಟ್ಟವಾಗಿ ಮುಂದಿನ ತಿರುವಿನಲ್ಲಿ ಇಲ್ಲವಾಗುತ್ತದೆ. ಗಂಗೆಯ ಬಯಲಿನಲ್ಲಿ ಕೊಹರಾ ಎಂದು ಕರೆಯುವ ಮಂಜಿನ ಜಾತಿಯೇ ಬೇರೆ. ಚಳಿಗಾಲದ ನಿರಭ್ರ ರಾತ್ರಿಯಲ್ಲಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲಕ್ಕೆ ತಾಗಿದ ಗಾಳಿ ತಣಿಯುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿಯ ಪದರವೊಂದು ಮುಚ್ಚಳದಂತೆ ಕುಳಿತುಕೊಳ್ಳುವುದರಿಂದ ಕೆಳಗಿನ ತಂಪು ಗಾಳಿ ಮೇಲೇಳಲಾರದು. ನದಿಗಳಿಂದಲೂ ನೀರುಣಿಸಿದ ಹೊಲಗಳಿಂದಲೂ ತೇವಾಂಶ ಯಥೇಚ್ಛವಾಗಿ ದೊರೆಯುತ್ತದೆ. ಅದು ಹನಿಗಟ್ಟುವುದಕ್ಕೆ ಹೊಗೆಯ ಮತ್ತು ಧೂಳಿನ ಕಣಗಳು ಆಧಾರವಾಗುತ್ತವೆ. ಗಾಳಿಯ ಚಲನೆ ಇಲ್ಲವೇ ಇಲ್ಲವೆನ್ನುವಷ್ಟು ಕಡಮೆ. ಹೀಗೆ ಹುಟ್ಟಿದ ಮಂಜು ಒಂದೆಡೆಯಲ್ಲ, ಪಂಜಾಬಿನಿಂದ ಬಿಹಾರದವರೆಗೆ ಬಯಲನ್ನೆಲ್ಲ ಒಂದೇ ಹಾಸಾಗಿ ಮುಚ್ಚಬಲ್ಲದು, ಗಂಟೆಗಟ್ಟಲೆ ಕದಲದು. ‘ಮುಂದೆ ಹೋದರೆ ತಿಳಿಯಾದೀತು’ ಎಂಬ ಘಟ್ಟದ ಅನುಭವ ಇಲ್ಲಿ ಕೆಲಸಕ್ಕೆ ಬಾರದು.

ಇನ್ನೂ ಒಂದು ವಿಶೇಷವುಂಟು. ಈ ಮಂಜು ನಡುರಾತ್ರಿಯ ಅನಂತರ ಹೆಪ್ಪುಗಟ್ಟಿ, ಸೂರ್ಯೋದಯದ ಹೊತ್ತಿಗೆ ಅತ್ಯಂತ ದಟ್ಟವಾಗುತ್ತದೆ. ಬೆಳಕು ಹರಿದೊಡನೆ ಮಂಜೂ ಹರಿಯುವುದೆಂದು ತಿಳಿಯುವುದು ತಪ್ಪು. ನೆಲ ಬಿಸಿಯಾಗಿ ಮೇಲಿನ ಮುಚ್ಚಳ ಒಡೆಯುವವರೆಗೆ, ಅಂದರೆ ಸಾಮಾನ್ಯವಾಗಿ ಒಂಬತ್ತು ಹತ್ತು ಗಂಟೆಯವರೆಗೆ, ಕೆಲವು ದಿನ ಮಧ್ಯಾಹ್ನದವರೆಗೂ, ಅದು ಹಾಗೆಯೇ ನಿಲ್ಲುತ್ತದೆ. ಅಸ್ಸಿಯ ಸೋಪಾನಗಳ ಮೇಲೆ ನಿಂತವನಿಗೆ ನದಿಯ ಮೇಲೆ ಬೇರೊಂದು ಬಗೆಯ ಮಂಜೂ ಕಾಣುತ್ತದೆ: ಗಾಳಿಗಿಂತ ಬೆಚ್ಚಗಿರುವ ನೀರಿನಿಂದ ಏಳುವ ಹಬೆ. ಅದು ನೋಟಕ್ಕೆ ಮನೋಹರ. ಸೇತುವೆಗಳ ಮೇಲೆ ಊರಿನ ಬೀದಿಗಳಿಗಿಂತ ಮಂಜು ಹೆಚ್ಚಾಗಿರುವುದಕ್ಕೆ ಅದೂ ಒಂದು ಕಾರಣ. ಸಾಮನೇ ಘಾಟಿನಿಂದ ರಾಮನಗರಕ್ಕೆ ಹೋಗುವ ಸೇತುವೆ ೨೦೧೭ರಲ್ಲಿ ಸಂಚಾರಕ್ಕೆ ತೆರೆಯಿತು. ಅದಕ್ಕೆ ಮೊದಲು ಅಲ್ಲಿ ಪೀಪಾಯಿಗಳ ಮೇಲೆ ಹಾಸಿದ ತೇಲುಸೇತುವೆಯಿದ್ದು, ಮಳೆಗಾಲಕ್ಕೆ ಮುಂಚೆ ಅದನ್ನು ಬಿಚ್ಚಿಡುತ್ತಿದ್ದರು. ಅಸ್ಸಿಯಿಂದ ಹೊರಟು ಗಯೆಯ ಹೆದ್ದಾರಿ ಸೇರುವವರು ಈಗ ಈ ಸೇತುವೆಯನ್ನೇ ಹಿಡಿಯುವುದುಂಟು.

ಭಾರತದ ಹವಾಮಾನ ಇಲಾಖೆ ನೋಟ ಒಂದು ಕಿಲೋಮೀಟರಿಗಿಂತ ಕಡಮೆಯಾದಾಗ ಅದನ್ನು ಮಂಜೆಂದು ಗಣಿಸುತ್ತದೆ. ನೋಟ ೨೦೦ ಮೀಟರಿಗಿಂತ ಕೆಳಗಿಳಿದರೆ ‘ದಟ್ಟ’, ೫೦ ಮೀಟರಿಗಿಂತ ಕೆಳಗಿಳಿದರೆ ‘ಅತಿ ದಟ್ಟ’. ವಾರ್ತಾಪತ್ರಿಕೆಯಲ್ಲಿ ಓದಿ ಮರೆಯುವ ಈ ಅಂಕಿಗಳನ್ನು ಇನ್ನೊಂದು ಪಟ್ಟಿಯ ಪಕ್ಕದಲ್ಲಿಟ್ಟು ನೋಡಬೇಕು. ರಸ್ತೆಗಳನ್ನು ಯೋಜಿಸುವ ಎಂಜಿನಿಯರರಿಗಾಗಿ ಭಾರತೀಯ ರಸ್ತೆ ಕಾಂಗ್ರೆಸ್ಸು ನಿಲುಗಡೆಯ ದೂರಗಳನ್ನು ನಿಗದಿಪಡಿಸಿದೆ. ಚಾಲಕನ ಕಣ್ಣು ಅಡಚಣೆಯನ್ನು ಕಂಡು, ಮನಸ್ಸು ಗ್ರಹಿಸಿ, ಕಾಲು ಬ್ರೇಕನ್ನೊತ್ತುವುದಕ್ಕೆ ಎರಡೂವರೆ ಸೆಕೆಂಡು. ಆಮೇಲೆ ಚಕ್ರಗಳು ಉಜ್ಜುತ್ತ ಸಾಗುವ ದೂರ. ಇವೆರಡನ್ನೂ ಕೂಡಿಸಿದರೆ, ಗಂಟೆಗೆ ೩೦ ಕಿಲೋಮೀಟರು ವೇಗಕ್ಕೆ ೩೦ ಮೀಟರು, ೪೦ಕ್ಕೆ ೪೫, ೬೦ಕ್ಕೆ ೮೦, ೮೦ಕ್ಕೆ ೧೨೦, ೧೦೦ಕ್ಕೆ ೧೮೦ ಮೀಟರು ಬೇಕು. ವೇಗ ಎರಡು ಪಾಲಾದರೆ ದೂರ ಎರಡು ಪಾಲಲ್ಲ, ಅದಕ್ಕಿಂತ ಬಹಳ ಹೆಚ್ಚು. ಈಗ ನೋಟ ೫೦ ಮೀಟರಿದೆಯೆಂದು ಭಾವಿಸೋಣ. ನಿಂತ ಲಾರಿಯೊಂದು ಎದುರಾದರೆ ೪೦ರ ವೇಗದವನು ಐದು ಮೀಟರು ಉಳಿಸಿಕೊಂಡು ನಿಲ್ಲುತ್ತಾನೆ. ೬೦ರ ವೇಗದವನು, ಅವನೆಷ್ಟೇ ನಿಪುಣನಾಗಿರಲಿ, ನಿಲ್ಲುವುದಕ್ಕೆ ಇನ್ನೂ ೩೦ ಮೀಟರು ಬೇಕೆನ್ನುವ ಸ್ಥಿತಿಯಲ್ಲಿ ಲಾರಿಗೆ ಬಡಿಯುತ್ತಾನೆ. ಎದುರುಬದುರಾಗಿ ವಾಹನಗಳು ಬರುವ ಒಂಟಿ ರಸ್ತೆಯಾದರೆ ಲೆಕ್ಕ ಇನ್ನೂ ಬಿಗಿ: ಕಾಣುವ ಐವತ್ತು ಮೀಟರನ್ನು ಇಬ್ಬರು ಚಾಲಕರು ಹಂಚಿಕೊಳ್ಳಬೇಕು. ಒಬ್ಬನ ಪಾಲಿಗೆ ೨೫ ಮೀಟರು. ಆ ದೂರಕ್ಕೆ ಪಟ್ಟಿಯಲ್ಲಿರುವ ವೇಗ ೨೫ ಕಿಲೋಮೀಟರು. ಇಮ್ಮುಖ ವಿಭಜನೆಯುಳ್ಳ ಹೆದ್ದಾರಿಯಲ್ಲಿ ಈ ಹಂಚಿಕೆ ಬೇಕಿಲ್ಲವೆಂದು ವಾದಿಸಬಹುದು. ಆದರೆ ಸುತ್ತು ಉಳಿಸುವುದಕ್ಕಾಗಿ ತಪ್ಪು ಬದಿಯಲ್ಲಿ ಬರುವ ಟ್ರಾಕ್ಟರುಗಳನ್ನು ಆ ಹೆದ್ದಾರಿಗಳಲ್ಲಿ ಕಂಡವರು ಆ ವಾದವನ್ನು ಮುಂದುವರಿಸಲಾರರು.

ವೇಗವನ್ನು ಅಂದಾಜಿನಿಂದ ತಿಳಿಯಬಹುದೆನ್ನುವ ಚಾಲಕರು ಬಹಳ. ಈ ವಿಷಯದಲ್ಲಿ ವಿಜ್ಞಾನಿಗಳ ಫಲಿತಾಂಶಗಳೇ ಒಂದಕ್ಕೊಂದು ಎದುರಾಗಿವೆ. ಮಂಜಿನಲ್ಲಿ ಚಾಲಕನು ತನ್ನ ವೇಗವನ್ನು ಇರುವುದಕ್ಕಿಂತ ಕಡಮೆಯೆಂದು ಭಾವಿಸುವನೆಂದು ೧೯೯೮ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. ನೋಟವನ್ನೆಲ್ಲ ಸಮನಾಗಿ ಮಸಕು ಮಾಡದೆ, ನಿಜವಾದ ಮಂಜಿನಂತೆ ದೂರ ಹೆಚ್ಚಿದಷ್ಟೂ ಮಸಕು ಹೆಚ್ಚಾಗುವಂತೆ ಏರ್ಪಡಿಸಿ ೨೦೧೨ರಲ್ಲಿ ಬೇರೆ ಸಂಶೋಧಕರು ಪ್ರಯೋಗಿಸಿದಾಗ ಅದಕ್ಕೆ ವಿರುದ್ಧವಾದ ಫಲ ದೊರೆಯಿತು. ಇಂದ್ರಿಯಸಾಕ್ಷಿ ಇಷ್ಟು ಸಂದಿಗ್ಧವಾಗಿರುವಲ್ಲಿ ವೇಗಮಾಪಕದ ಮುಳ್ಳನ್ನು ನೋಡುವುದೇ ಪ್ರಮಾಣ.

ದೀಪಗಳ ವಿಚಾರದಲ್ಲಿ ಶಾಸ್ತ್ರವೂ ಕಾಯಿದೆಯೂ ಒಂದೇ ದಾರಿಯಲ್ಲಿವೆ. ಎತ್ತರದ ಪ್ರಖರ ಬೆಳಕು ಮಂಜಿನ ಹನಿಗಳಿಗೆ ತಾಗಿ ಚಾಲಕನ ಕಣ್ಣಿಗೇ ಮರಳುತ್ತದೆ. ಅವನ ಮುಂದೆ ಬಿಳಿಯ ಗೋಡೆ ಏಳುತ್ತದೆ. ಆದುದರಿಂದ ತಗ್ಗಿಸಿದ ಬೆಳಕೇ ಬೇಕು. ಹಳದಿಯ ಬೆಳಕು ಮಂಜನ್ನು ಸೀಳುತ್ತದೆಂಬ ನಂಬಿಕೆ ಚಾಲಕರಲ್ಲಿ ಬಲವಾಗಿದೆ. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಬಹಳ ದೊಡ್ಡವಾದ್ದರಿಂದ ಬಣ್ಣದಿಂದ ಆಗುವ ಭೇದ ಅತ್ಯಲ್ಪ; ಮಂಜುದೀಪ ಪ್ರಯೋಜನಕ್ಕೆ ಬರುವುದು ಅದನ್ನು ನೆಲಕ್ಕೆ ಹತ್ತಿರವಾಗಿ ಕೂರಿಸಿರುವುದರಿಂದ ಮತ್ತು ಅದರ ಬೆಳಕು ಅಗಲವಾಗಿ ತಳದಲ್ಲೇ ಹರಡುವುದರಿಂದ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ದೀಪ ಹಚ್ಚುವುದು ರಾತ್ರಿಗೆ ಮಾತ್ರ ಸೇರಿದ ಕರ್ತವ್ಯವಲ್ಲ. ಸಾಕಷ್ಟು ಬೆಳಕಿಲ್ಲದ ಯಾವ ಹೊತ್ತಿನಲ್ಲಾದರೂ ಹಚ್ಚತಕ್ಕದ್ದು. ಬೆಳಗಿನ ಎಂಟು ಗಂಟೆಗೆ ಮಂಜಿನಲ್ಲಿ ದೀಪವಿಲ್ಲದೆ ಹೋಗುವವನು ನಿಯಮೋಲ್ಲಂಘನೆಯನ್ನೇ ಮಾಡುತ್ತಾನೆ. ೨೦೧೭ರ ಏಪ್ರಿಲಿನಿಂದ ಹೊಸ ದ್ವಿಚಕ್ರ ವಾಹನಗಳ ದೀಪ ಯಂತ್ರದೊಡನೆ ತಾನೇ ಹೊತ್ತಿಕೊಳ್ಳುವಂತೆ ವಿಧಿಸಿರುವುದರಿಂದ ಅಷ್ಟರಮಟ್ಟಿಗೆ ಮರೆವಿಗೆ ಎಡೆ ತಪ್ಪಿದೆ. ನಾಲ್ಕು ಮೂಲೆಯ ದೀಪಗಳನ್ನೂ ಮಿಣುಕಿಸುತ್ತ ಓಡುವ ರೂಢಿ ಇತ್ತೀಚೆಗೆ ಹಬ್ಬಿದೆ, ಅದು ಹಿತವಲ್ಲ. ಆ ಸಂಜ್ಞೆ ನಿಂತ ವಾಹನದ್ದು. ಓಡುವ ವಾಹನ ಅದನ್ನು ಬಳಸಿದರೆ ಹಿಂದಿನವನಿಗೆ ಅದು ನಿಂತಿದೆಯೋ ತಿರುಗುತ್ತಿದೆಯೋ ತಿಳಿಯದು.

ನಿಂತ ವಾಹನವೇ ಮಂಜಿನಲ್ಲಿ ಎಲ್ಲಕ್ಕಿಂತ ಘಾತುಕ. ಕೆಟ್ಟು ನಿಂತ ಲಾರಿಯ ಹಿಂದೆ ನಾಲ್ಕು ಕಲ್ಲುಗಳನ್ನೋ ಸೊಪ್ಪಿನ ಟೊಂಗೆಯನ್ನೋ ಇಟ್ಟು ಚಾಲಕನು ಚಹಾದ ಅಂಗಡಿಗೆ ಹೋಗುವುದು ಉತ್ತರದೇಶದಲ್ಲೂ ದಕ್ಷಿಣದಲ್ಲೂ ಒಂದೇ ರೀತಿಯ ಪದ್ಧತಿ. ೧೯೮೮ರ ಮೋಟಾರು ವಾಹನ ಕಾಯಿದೆಯ ೧೨೨ನೆಯ ಪ್ರಕರಣ ಅಪಾಯಕರವಾಗಿ ವಾಹನವನ್ನು ನಿಲ್ಲಿಸಿ ಬಿಡುವುದನ್ನು ನಿಷೇಧಿಸುತ್ತದೆ. ಬೆಳಕನ್ನು ಪ್ರತಿಫಲಿಸುವ ತ್ರಿಕೋನಫಲಕ ವಾಹನದಲ್ಲಿರಬೇಕೆಂದು ನಿಯಮಗಳು ಹೇಳುತ್ತವೆ. ಇಂಥ ಡಿಕ್ಕಿಗಳಲ್ಲಿ ‘ಹಿಂದಿನಿಂದ ಬಂದವನದೇ ತಪ್ಪು, ಕನಿಷ್ಠ ಅರ್ಧ ತಪ್ಪು’ ಎಂಬ ವಾದ ಬಹುಕಾಲದಿಂದ ಇದೆ. ರಾತ್ರಿಯಲ್ಲಿ ದೀಪವೂ ಸೂಚನೆಯೂ ಇಲ್ಲದೆ ನಡುರಸ್ತೆಯಲ್ಲಿ ನಿಂತಿದ್ದ ಟ್ಯಾಂಕರಿಗೆ ಕಾರೊಂದು ಬಡಿದ ಮೊಕದ್ದಮೆಯಲ್ಲಿ ಉಚ್ಚ ನ್ಯಾಯಾಲಯ ತಪ್ಪನ್ನು ಇಬ್ಬರಿಗೂ ಹಂಚಿತ್ತು. ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪದೆ ಕಾರಿನ ಕಡೆಯವರಿಗೆ ಪೂರ್ಣ ಪರಿಹಾರವನ್ನು ಎತ್ತಿಹಿಡಿಯಿತು. ಇದರಿಂದ ಹಿಂದಿನವನಿಗೆ ನಿರ್ಭಯವಾಗಿ ಓಡಿಸುವ ಸನ್ನದು ದೊರೆತಂತಾಗಲಿಲ್ಲ. ಮುಂದಿನ ವಾಹನ ತಟ್ಟನೆ ನಿಂತರೂ ತಾನು ನಿಲ್ಲುವಷ್ಟು ಅಂತರವಿಡಬೇಕೆಂಬುದು ೨೦೧೭ರ ಚಾಲನಾ ನಿಬಂಧನೆಗಳಲ್ಲಿ ಸ್ಪಷ್ಟವಾಗಿದೆ. ಮುಂದಿನ ಬಸ್ಸಿನ ಕೆಂಪು ದೀಪವನ್ನೇ ಹಿಡಿದು ಅದರ ಬೆನ್ನಿಗಂಟಿಕೊಂಡು ಹೋಗುವುದು ದಾರಿ ತೋರುವವನನ್ನು ನಂಬಿದಂತೆ ಕಂಡರೂ, ಆ ಬಸ್ಸಿನವನಿಗೂ ದಾರಿ ಕಾಣುತ್ತಿಲ್ಲವೆಂಬುದನ್ನು ಮರೆತ ನಡತೆ.

ಇಷ್ಟೆಲ್ಲ ತಿಳಿದ ಚಾಲಕನೂ ಏಕೆ ವೇಗವಾಗಿ ಹೋಗುತ್ತಾನೆ? ಬಹುಮಟ್ಟಿಗೆ ಒಳಗೆ ಕುಳಿತವರಿಗಾಗಿ. ಸಂಗಮದಲ್ಲಿ ಇಂಥ ಹೊತ್ತಿನೊಳಗೆ ಸ್ನಾನವಾಗಬೇಕು, ಶ್ರಾದ್ಧದ ಬ್ರಾಹ್ಮಣರು ಕಾದಿರುತ್ತಾರೆ, ಸಂಜೆಯ ರೈಲು ಹಿಡಿಯಬೇಕು. ನಸುಕಿನ ನಾಲ್ಕಕ್ಕೆ ಹೊರಟು ಮಂಜಿನಲ್ಲಿ ೨೫ರ ವೇಗದಲ್ಲಿ ಹೋದರೆ ಪ್ರಯಾಗ ತಲುಪುವಾಗ ಒಂಬತ್ತು ಗಂಟೆ. ಒಂಬತ್ತಕ್ಕೆ ಹೊರಟವನು ತಿಳಿಯಾದ ದಾರಿಯಲ್ಲಿ ಹನ್ನೆರಡಕ್ಕೆ ತಲುಪುತ್ತಾನೆ. ಮೂರು ಗಂಟೆಗಳ ಲಾಭಕ್ಕಾಗಿ ದಿನದ ಅತಿ ಕೆಟ್ಟ ಐದು ಗಂಟೆಗಳನ್ನು ರಸ್ತೆಯ ಮೇಲೆ ಕಳೆದಂತಾಯಿತು. ಅದೂ ಚಾಲಕನು ನಿಜವಾಗಿ ೨೫ರಲ್ಲೇ ಹೋದರೆ. ಅವನು ಹಾಗೆ ಹೋಗುವಂತೆ ಯಜಮಾನರು ಬಿಡುವುದು ಅಪರೂಪ.

ಇಲ್ಲಿ ಕಾಯಿದೆಯ ಒಂದು ವಿಧಿ ಬಹುಜನಕ್ಕೆ ತಿಳಿಯದು. ೧೮೩ನೆಯ ಪ್ರಕರಣ ವೇಗಮಿತಿ ಮೀರಿದ ಚಾಲಕನನ್ನು ಮಾತ್ರ ದಂಡಿಸಿ ಸುಮ್ಮನಾಗುವುದಿಲ್ಲ. ತನ್ನ ನೌಕರಿಯಲ್ಲಿರುವ ಅಥವಾ ತನ್ನ ಹತೋಟಿಗೆ ಒಳಪಟ್ಟ ಚಾಲಕನಿಂದ ಹಾಗೆ ಓಡಿಸುವವನನ್ನೂ ಹಿಡಿಯುತ್ತದೆ. ಅಷ್ಟೇ ಅಲ್ಲ, ಮಿತಿ ಮೀರದೆ ಮುಗಿಸಲಾಗದ ಪ್ರಯಾಣವನ್ನು ಇಂತಿಷ್ಟು ಹೊತ್ತಿನಲ್ಲಿ ಮುಗಿಸಬೇಕೆಂದು ವೇಳಾಪಟ್ಟಿ ಹೊರಡಿಸಿದರೆ ಅಥವಾ ಅಪ್ಪಣೆ ಕೊಟ್ಟರೆ, ಆ ಪಟ್ಟಿಯೇ, ಆ ಅಪ್ಪಣೆಯೇ ಅವನ ವಿರುದ್ಧ ಮೇಲ್ನೋಟದ ಸಾಕ್ಷ್ಯವಾಗುತ್ತದೆ. ಎರಡು ದಿನದಲ್ಲಿ ಪ್ರಯಾಗ, ಅಯೋಧ್ಯೆ, ಗಯೆಗಳನ್ನು ಮುಗಿಸಿಕೊಡುವುದಾಗಿ ಅಚ್ಚುಹಾಕಿಸುವ ಯಾತ್ರಾಸಂಸ್ಥೆಗಳು ಈ ವಿಧಿಯನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು. ಬಾಡಿಗೆಗೆ ಹಿಡಿದ ಯಾತ್ರಿಕನು ‘ಹತೋಟಿ’ಯುಳ್ಳವನೇ ಎಂಬುದು ತರ್ಕಕ್ಕೆ ಸಿಕ್ಕುವ ಪ್ರಶ್ನೆ, ಆದರೆ ೧೮೪ನೆಯ ಪ್ರಕರಣದ ಅಪಾಯಕರ ಚಾಲನೆಗೆ ಪ್ರೇರಣೆ ಕೊಟ್ಟವನಿಗೂ ಅದೇ ಶಿಕ್ಷೆಯೆಂದು ೧೮೮ನೆಯ ಪ್ರಕರಣ ಯಾವ ತರ್ಕಕ್ಕೂ ಎಡೆಯಿಲ್ಲದಂತೆ ಹೇಳುತ್ತದೆ. ೨೦೧೯ರ ತಿದ್ದುಪಡಿಯ ಮೇಲೆ ಆ ಅಪರಾಧದ ಮೊದಲ ಸಲದ ಶಿಕ್ಷೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆ, ಅಥವಾ ಸಾವಿರದಿಂದ ಐದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ.

ವೇಗಮಿತಿಯೆಂದರೆ ಫಲಕದ ಮೇಲಿನ ಸಂಖ್ಯೆ ಮಾತ್ರವಲ್ಲ. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ೧೦೦ ಕಿಲೋಮೀಟರಿನ ಗರಿಷ್ಠ ಮಿತಿಯನ್ನು ೨೦೧೮ರ ಅಧಿಸೂಚನೆ ಕೊಟ್ಟಿದೆ. ಮಂಜಿನಲ್ಲಿ ೮೦ರಲ್ಲಿ ಹೋದವನು ಆ ಮಿತಿಯೊಳಗೇ ಇದ್ದಾನೆ, ಆದರೂ ಅಪಾಯಕರ ಚಾಲನೆಯ ಅಪರಾಧಿಯಾಗಬಲ್ಲನು. ಏಕೆಂದರೆ ೧೮೪ನೆಯ ಪ್ರಕರಣ ಸ್ಥಳದ ಸ್ಥಿತಿಗತಿಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ಹೇಳುತ್ತದೆ. ಕೆಲವೆಡೆ ಅಧಿಕಾರಿಗಳು ಋತುವಿಗೆ ತಕ್ಕ ಮಿತಿಯನ್ನೂ ವಿಧಿಸುತ್ತಾರೆ. ಇದೇ ಉತ್ತರ ಪ್ರದೇಶದ ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ೨೦೨೪ರ ಡಿಸೆಂಬರಿನಲ್ಲಿ ಹಗುರ ವಾಹನಗಳ ಮಿತಿಯನ್ನು ೧೦೦ರಿಂದ ೭೫ಕ್ಕೆ ಇಳಿಸಿದ್ದರು.

ಚಾಲಕನ ನಿದ್ದೆಯೂ ಹವೆಯಷ್ಟೇ ಮುಖ್ಯ. ೨೦೨೫ರವರೆಗೆ ಜಾರಿಯಲ್ಲಿದ್ದ ೧೯೬೧ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ ಎಂಟು, ವಾರಕ್ಕೆ ನಲವತ್ತೆಂಟು ಗಂಟೆಗಳ ದುಡಿಮೆಯನ್ನು ಮಿತಿಯಾಗಿರಿಸಿತ್ತು. ಗಯೆಯಿಂದ ನಡುರಾತ್ರಿಗೆ ಮರಳಿದ ಚಾಲಕನನ್ನು ನಾಲ್ಕು ಗಂಟೆಗೆ ಎಬ್ಬಿಸಿ ಪ್ರಯಾಗಕ್ಕೆ ಹೊರಡಿಸುವುದು ಅಸ್ಸಿಯ ವಸತಿಗೃಹಗಳ ಮುಂದೆ ನಿತ್ಯದ ದೃಶ್ಯ. ಅವನು ‘ಆಗದು’ ಎನ್ನುವುದಿಲ್ಲ. ಅವನ ಬಡತನ ಹಾಗೆನ್ನಲು ಬಿಡದು. ಆದುದರಿಂದ ಆ ಮಾತು ಒಳಗೆ ಕೂರುವವರ ಬಾಯಿಂದಲೇ ಬರಬೇಕು.

ವಾಹನವನ್ನು ಗೊತ್ತುಮಾಡುವಾಗ ಫಲಕವನ್ನು ನೋಡುವುದು ಅವಶ್ಯ. ಬಾಡಿಗೆಗೆ ಪರವಾನೆಯುಳ್ಳ ವಾಹನದ ಫಲಕ ಹಳದಿ, ಅಕ್ಷರ ಕಪ್ಪು. ವಿದ್ಯುತ್ತಿನ ಬಾಡಿಗೆ ವಾಹನದ್ದು ಹಸುರು ಫಲಕದ ಮೇಲೆ ಹಳದಿ ಅಕ್ಷರ. ಬಿಳಿಯ ಫಲಕದ ಸ್ವಂತ ಕಾರನ್ನು ಅಗ್ಗವೆಂದು ಹಿಡಿದರೆ, ಅಪಘಾತವಾದಾಗ ಪರವಾನೆಯ ಉಲ್ಲಂಘನೆಯೆಂಬ ತಕರಾರನ್ನು ವಿಮಾಸಂಸ್ಥೆ ಎತ್ತುವುದಕ್ಕೆ ತಾನೇ ಬಾಗಿಲು ತೆರೆದಂತಾಗುತ್ತದೆ.

ಇನ್ನು ನೆರೆ. ಮಳೆ ಬಂದಾಗ ನೆರೆ ಬರುವುದೆಂದು ಬಗೆಯುವವರಿಗೆ ಕಾಶಿ ಆಶ್ಚರ್ಯವನ್ನುಂಟುಮಾಡುತ್ತದೆ. ಇಲ್ಲಿಯ ಗಂಗೆ ಪ್ರಯಾಗದಲ್ಲಿ ಯಮುನೆಯನ್ನು ಕೂಡಿಕೊಂಡು ಬಂದವಳು; ಚಂಬಲ್, ಬೇತ್ವಾ, ಕೇನ್ ನದಿಗಳ ನೀರೆಲ್ಲ ಯಮುನೆಯ ಮೂಲಕ ಇಲ್ಲಿಗೆ ಇಳಿಯುತ್ತದೆ. ಮಧ್ಯಭಾರತದಲ್ಲಿ ಸುರಿದ ಮಳೆ ಕಾಶಿಯಲ್ಲಿ ಬಿಸಿಲು ಕಾಯುತ್ತಿರುವಾಗ ಅಸ್ಸಿಯ ಬೀದಿಗೆ ಏರಿ ಬರಬಹುದು. ಕೇಂದ್ರ ಜಲ ಆಯೋಗದ ಗಣನೆಯಲ್ಲಿ ಇಲ್ಲಿಯ ಎಚ್ಚರಿಕೆಯ ಮಟ್ಟ ಸಮುದ್ರಮಟ್ಟದಿಂದ ೭೦.೨೬೨ ಮೀಟರು, ಅಪಾಯದ ಮಟ್ಟ ೭೧.೨೬೨, ೧೯೭೮ರ ಸೆಪ್ಟೆಂಬರಿನಲ್ಲಿ ನೀರು ೭೩.೯೦೧ಕ್ಕೆ ಏರಿದ್ದೇ ಈವರೆಗಿನ ಪರಮಾವಧಿ. ೨೦೧೩, ೨೦೧೬, ೨೦೨೧ರಲ್ಲಿಯೂ ಅದು ೭೨ ಮೀಟರನ್ನು ಮೀರಿತು. ಎಚ್ಚರಿಕೆಗೂ ಅಪಾಯಕ್ಕೂ ನಡುವೆ ಒಂದೇ ಮೀಟರಿನ ಅಂತರ. ಘಟ್ಟದ ಮೆಟ್ಟಿಲುಗಳಲ್ಲಿ ಎಣಿಸಿದರೆ ಕೆಲವೇ ಮೆಟ್ಟಿಲು. ಊರಿಗೆ ಹೆಸರು ಕೊಟ್ಟವಳೆಂದು ಜನರು ಹೇಳುವ ಅಸ್ಸಿ ನದಿಯ ಮುಖವನ್ನು ೧೯೮೦ರ ದಶಕದ ಆದಿಯಲ್ಲಿ ದಕ್ಷಿಣದ ನಗವಾ ಕಡೆಗೆ ತಿರುಗಿಸಿದರು. ಈಗ ಅದು ಮನೆಗಳ ನಡುವೆ ಹರಿಯುವ ಕಾಲುವೆಯಾಗಿ ಉಳಿದಿದೆ. ಗಂಗೆ ಉಕ್ಕಿದಾಗ ನೀರು ಈ ಕಾಲುವೆಯಲ್ಲಿ ಹಿಮ್ಮುಖವಾಗಿ ನುಗ್ಗಿ ನಗವಾ, ಸಾಮನೇ ಘಾಟುಗಳ ತಗ್ಗಿನ ಬಡಾವಣೆಗಳನ್ನು ತುಂಬುತ್ತದೆ. ನದಿ ತನ್ನ ಹಳೆಯ ಪಾತ್ರವನ್ನು ಮರೆತಿಲ್ಲ. ಮನೆ ಕಟ್ಟಿದವರು ಮರೆತರು.

ನಿಂತ ನೀರೆಂದು ತೋರುವುದರೊಳಗೆ ವಾಹನವನ್ನಿಳಿಸುವ ಮೊದಲು ಎರಡು ಸಂಗತಿ ತಿಳಿದಿರಬೇಕು. ಹರಿಯುವ ನೀರು ಒಂದಡಿಯಿದ್ದರೆ ಸಣ್ಣ ಕಾರನ್ನು ಜಾರಿಸಬಲ್ಲದು, ಎರಡಡಿಯಿದ್ದರೆ ಬಹುತೇಕ ಕಾರುಗಳನ್ನು ಒಯ್ಯಬಲ್ಲದು. ಎರಡನೆಯದು, ಬಾಯ್ದೆರೆದ ಚರಂಡಿಗಳನ್ನೂ ಮೆಟ್ಟಿಲುಗಳನ್ನೂ ನೀರು ಒಂದೇ ಮಟ್ಟದಲ್ಲಿ ಮುಚ್ಚುತ್ತದೆ. ಪೊಲೀಸರು ಅಡ್ಡಗಟ್ಟೆ ಇಟ್ಟಿದ್ದರೆ ಅದು ಸಲಹೆಯಲ್ಲ. ಕಾಯಿದೆಯ ೧೧೫ನೆಯ ಪ್ರಕರಣ ಸಾರ್ವಜನಿಕರ ಸುರಕ್ಷತೆಗಾಗಿ ರಸ್ತೆಯನ್ನು ನಿರ್ಬಂಧಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ದೋಣಿಗಳಿಗೂ ಇದೇ ಮಾತು. ನೀರು ಏರಿದಾಗ ಜಿಲ್ಲಾಡಳಿತ ದೋಣಿಸಂಚಾರವನ್ನು ನಿಲ್ಲಿಸುತ್ತದೆ. ಆಗಲೂ ಹೆಚ್ಚು ಹಣದ ಆಸೆ ತೋರಿಸಿ ಅಂಬಿಗನನ್ನು ಒಪ್ಪಿಸುವ ಯಾತ್ರಿಕರು ಇದ್ದಾರೆ.

ನೀರಿನಲ್ಲಿ ಯಂತ್ರ ನಿಂತರೆ ಮತ್ತೆ ಚಾಲೂ ಮಾಡಬಾರದು. ಗಾಳಿಯನ್ನೆಳೆಯುವ ಕೊಳವೆ ನೀರನ್ನೆಳೆದಿದ್ದರೆ, ಗಾಳಿಯಂತೆ ಕುಗ್ಗದ ಆ ನೀರು ಕೊಂತಕ್ಕೆ ಅಡ್ಡನಿಂತು ಯಂತ್ರದ ದಂಡವನ್ನೇ ಬಗ್ಗಿಸುತ್ತದೆ. ಇದರಲ್ಲಿ ವಿಮೆಯ ಸೂಕ್ಷ್ಮವೂ ಅಡಗಿದೆ. ಕಾಯಿದೆ ಕಡ್ಡಾಯ ಮಾಡಿರುವುದು ಮೂರನೆಯವರಿಗಾಗುವ ಹಾನಿಯ ವಿಮೆಯನ್ನು ಮಾತ್ರ. ಸ್ವಂತ ವಾಹನ ನೆರೆಯಲ್ಲಿ ಕೆಟ್ಟರೆ ಅದರಿಂದ ಕಾಸೂ ಬಾರದು. ಸಮಗ್ರ ವಿಮೆಯಿದ್ದರೆ ನೆರೆಯ ಹಾನಿಗೆ ಪರಿಹಾರವುಂಟು. ಆದರೆ ನೀರಿನಲ್ಲಿ ನಿಂತ ಯಂತ್ರವನ್ನು ಮತ್ತೆ ಮತ್ತೆ ಚಾಲೂ ಮಾಡಿ ಕೆಡಿಸಿದರೆ, ಅದು ನೆರೆಯಿಂದ ನೇರವಾಗಿ ಆದುದಲ್ಲ, ಚಾಲಕನ ಕೃತ್ಯದಿಂದ ಆದುದೆಂದು ಸಂಸ್ಥೆ ನಿರಾಕರಿಸುವುದುಂಟು. ಯಂತ್ರರಕ್ಷಣೆಗೆ ಪ್ರತ್ಯೇಕ ಕಂತು ಕಟ್ಟಿದವರಿಗೆ ಈ ತೊಡಕಿಲ್ಲ.

ನೆರೆ ಇಳಿದ ಮೇಲೆ ಉಳಿಯುವ ರೇವೆ ನೆರೆಗಿಂತ ಕಡಮೆಯದಲ್ಲ. ಅಸ್ಸಿ ಘಟ್ಟದಲ್ಲಿ ರೇವೆಯ ರಾಶಿ ವರ್ಷಗಟ್ಟಲೆ ಮೆಟ್ಟಿಲುಗಳನ್ನು ಮುಚ್ಚಿತ್ತು. ೨೦೧೪ರ ನವೆಂಬರಿನಲ್ಲಿ ಪ್ರಧಾನಮಂತ್ರಿಗಳು ಸಲಿಕೆ ಹಿಡಿದು ಅದನ್ನು ತೆಗೆಯುವುದಕ್ಕೆ ಆರಂಭಿಸಿದ ಚಿತ್ರ ದೇಶಕ್ಕೆಲ್ಲ ಪರಿಚಿತ. ಬೀದಿಗಳ ಮೇಲೆ ಬೆಣ್ಣೆಯಂತೆ ಹರಡಿದ ಆ ನುಣ್ಣನೆಯ ಮಣ್ಣಿನ ಮೇಲೆ ಮೇಲೆ ಹೇಳಿದ ನಿಲುಗಡೆಯ ಪಟ್ಟಿ ಅನ್ವಯಿಸದು. ದ್ವಿಚಕ್ರದವರು ಇಳಿದು ತಳ್ಳಿಕೊಂಡು ಹೋಗುವುದೇ ಮೇಲು. ಕಾರಿನ ಚಕ್ರದ ಪಟ್ಟೆಯ ಆಳ ೧.೬ ಮಿಲಿಮೀಟರಿಗಿಂತಲೂ, ಎರಡು ಮೂರು ಚಕ್ರದ ವಾಹನಗಳದು ೦.೮ಕ್ಕಿಂತಲೂ ಕಡಮೆಯಾಗಕೂಡದೆಂದು ನಿಯಮ.

ಆಂಧಿಯ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಅದು ಅರ್ಧ ಗಂಟೆಯ ಅತಿಥಿ. ಪಶ್ಚಿಮದಲ್ಲಿ ಕಂದುಬಣ್ಣದ ಗೋಡೆ ಕಂಡೊಡನೆ ಮರ, ಜಾಹೀರಾತಿನ ಫಲಕ, ವಿದ್ಯುತ್ ತಂತಿಗಳಿಂದ ದೂರವಾಗಿ ರಸ್ತೆಯ ಬದಿಗೆ ನಿಲ್ಲುವುದು ಸಾಕು.

ಅಪಘಾತವಾದ ಮೇಲೆ ‘ದೈವೇಚ್ಛೆ, ಮಂಜು ಹಾಗಿತ್ತು’ ಎನ್ನುವ ಸಮಾಧಾನ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ದೈವಕೃತ್ಯವೆಂಬುದು ಕಾನೂನಿಗೂ ಪರಿಚಿತವಾದ ವಾದವೇ. ಆದರೆ ಊಹಿಸಬಹುದಾಗಿದ್ದ ಸಂಗತಿಗೆ ಅದು ಸಲ್ಲದು. ದಕ್ಷಿಣ ಆರ್ಕಾಟಿನಲ್ಲಿ ಮಳೆಗೆ ಕಿರುಸೇತುವೆ ಕುಸಿದು ಬಸ್ಸು ಬಿದ್ದ ಮೊಕದ್ದಮೆಯಲ್ಲಿ ಹೆದ್ದಾರಿ ಇಲಾಖೆ ಭಾರೀ ಮಳೆಯನ್ನು ಮುಂದೊಡ್ಡಿತು. ಮಳೆ ಬರುವುದನ್ನು ನಿರೀಕ್ಷಿಸಿ ಮುನ್ನೆಚ್ಚರಿಕೆ ಕೈಕೊಂಡುದನ್ನು ತೋರಿಸದ ಹೊರತು ಹೊಣೆ ತಪ್ಪದೆಂದು ೧೯೮೭ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಗಂಗೆಯ ಬಯಲಿನಲ್ಲಿ ಜನವರಿಯ ಮಂಜು ಅನಿರೀಕ್ಷಿತವೆಂದು ಯಾರು ತಾನೆ ವಾದಿಸಬಲ್ಲರು? ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ನಿರ್ಲಕ್ಷ್ಯದಿಂದ ಮರಣವನ್ನುಂಟುಮಾಡಿದವನಿಗೆ ಐದು ವರ್ಷಗಳವರೆಗೆ ಸೆರೆಯಿದೆ. ಹಿಂದಿನ ದಂಡಸಂಹಿತೆಯಲ್ಲಿ ಎರಡು ವರ್ಷವಿತ್ತು.

ಮಂಜಿನಲ್ಲಿ ಡಿಕ್ಕಿಯಾದಾಗ ಮೊದಲ ಪೆಟ್ಟಿಗಿಂತ ಅದರ ಬೆನ್ನಿಗೆ ಬರುವ ಎರಡನೆಯ, ಮೂರನೆಯ ವಾಹನಗಳ ಪೆಟ್ಟಿನಿಂದ ಸಾಯುವವರುಂಟು. ನಡೆಯಬಲ್ಲವರೆಲ್ಲ ಒಡನೆಯೇ ರಸ್ತೆಯಿಂದಾಚೆ, ಕಟ್ಟೆಯ ಹಿಂದಕ್ಕೆ ಹೋಗಬೇಕು. ಹಾನಿಯನ್ನು ನೋಡುತ್ತ ವಾಹನಗಳ ನಡುವೆ ನಿಲ್ಲಬಾರದು. ಸಹಾಯಕ್ಕೆ ೧೧೨, ರಾಷ್ಟ್ರೀಯ ಹೆದ್ದಾರಿಯಾದರೆ ೧೦೩೩. ಗಾಯಾಳುವನ್ನು ಆಸ್ಪತ್ರೆಗೆ ಒಯ್ದ ದಾರಿಹೋಕನನ್ನು ಹೊಣೆಗಾರನನ್ನಾಗಿ ಮಾಡಬಾರದೆಂದು ೨೦೧೯ರಲ್ಲಿ ಸೇರಿಸಿದ ೧೩೪ಎ ಪ್ರಕರಣ ರಕ್ಷಣೆ ಕೊಟ್ಟಿದೆ. ೨೦೨೫ರ ಮೇ ತಿಂಗಳಲ್ಲಿ ಪ್ರಕಟವಾದ ಯೋಜನೆಯಂತೆ ಗಾಯಗೊಂಡವರಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯ ಚಿಕಿತ್ಸೆ, ಕೈಯಿಂದ ಹಣ ತೆರದೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ದೊರೆಯತಕ್ಕದ್ದು. ಅಸ್ಸಿಗೆ ಸಮೀಪದ ಹಿಂದೂ ವಿಶ್ವವಿದ್ಯಾಲಯದಲ್ಲಿ ಅಪಘಾತ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಡಿಕ್ಕಿ ಹೊಡೆದ ವಾಹನ ಮಂಜಿನಲ್ಲಿ ಮರೆಯಾಗಿ ಗುರುತೇ ಸಿಗದಿದ್ದರೆ, ಮರಣಕ್ಕೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ ರೂಪಾಯಿ ಪರಿಹಾರವನ್ನು ೨೦೨೨ರ ಏಪ್ರಿಲಿನಿಂದ ನಿಗದಿಪಡಿಸಿದ್ದಾರೆ. ವಾಹನ ಸಿಕ್ಕಿದ್ದರೆ ಪರಿಹಾರದ ಅರ್ಜಿಯನ್ನು ಕಾಶಿಯ ನ್ಯಾಯಮಂಡಲಿಯಲ್ಲೇ ಕೊಡಬೇಕೆಂಬ ಕಟ್ಟಿಲ್ಲ. ಅರ್ಜಿದಾರರು ವಾಸಿಸುವ ಊರಿನ ಮಂಡಲಿಯ ಮುಂದೆ, ಧಾರವಾಡದವರು ಧಾರವಾಡದಲ್ಲಿ, ಮುಂಬಯಿಯ ಕನ್ನಡಿಗರು ಮುಂಬಯಿಯಲ್ಲಿಯೇ, ಅದನ್ನು ಸಲ್ಲಿಸಬಹುದು.